ಒಂದು ಕೋಟಿ ಜನ ಗಡಿ ದಾಟಿ ಬಂದಾಗ: 1971ರಲ್ಲಿ ಭಾರತ ಸರ್ಕಾರ ಮಾಡಿದ್ದೇನು?

1971ರ ಮಾತು ಬಂದರೆ ನಾವು ಸೀದಾ ಡಿಸೆಂಬರಿಗೆ ಹೋಗಿಬಿಡುತ್ತೇವೆ. ಹದಿಮೂರು ದಿನದ ಯುದ್ಧ, ಢಾಕಾದಲ್ಲಿ ಶರಣಾಗತಿ, 93 ಸಾವಿರ ಸೆರೆಯಾಳುಗಳು. ಅದಕ್ಕೆ ಮುಂಚಿನ ಎಂಟು ತಿಂಗಳು ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ. ಆದರೆ ಆ ಎಂಟು ತಿಂಗಳಲ್ಲಿ ಭಾರತ ಸರ್ಕಾರ ಯುದ್ಧಕ್ಕಿಂತ ಕಷ್ಟದ ಕೆಲಸವೊಂದನ್ನು ಮಾಡುತ್ತಿತ್ತು. ಪಕ್ಕದ ಪೂರ್ವ ಪಾಕಿಸ್ತಾನದ (ಇಂದಿನ ಬಾಂಗ್ಲಾದೇಶದ) ಒಳಯುದ್ಧದಿಂದ ತಪ್ಪಿಸಿಕೊಂಡು ಬಂದ ಸುಮಾರು ಒಂದು ಕೋಟಿ ಜನಕ್ಕೆ ಅನ್ನ, ಸೂರು, ಔಷಧಿ ಕೊಡುತ್ತಿತ್ತು. ಅದೂ ತನ್ನದೇ ಜನಕ್ಕೆ ಹೊಟ್ಟೆ ತುಂಬಾ ಊಟ ಹಾಕಲು ಒದ್ದಾಡುತ್ತಿದ್ದ ಕಾಲದಲ್ಲಿ.

ಇದನ್ನು ಬರೀ ಕರುಣೆಯ ಕಥೆ ಅಂತ ಹೇಳುವವರಿದ್ದಾರೆ, ಬರೀ ರಾಜಕೀಯ ಲೆಕ್ಕಾಚಾರ ಅನ್ನುವವರೂ ಇದ್ದಾರೆ. ನನ್ನ ಪ್ರಕಾರ ಎರಡನ್ನೂ ಬೇರೆ ಮಾಡಿದರೆ ಏನೂ ಅರ್ಥವಾಗುವುದಿಲ್ಲ. ಸರ್ಕಾರ ಶುರುವಿನ ವಾರಗಳಲ್ಲೇ ಎರಡು ನಿರ್ಧಾರ ಮಾಡಿತ್ತು. ಬರುವವರನ್ನು ತಡೆಯುವುದಿಲ್ಲ. ಬಂದವರನ್ನು ಇಲ್ಲೇ ಉಳಿಸಿಕೊಳ್ಳುವುದೂ ಇಲ್ಲ. ಗಡಿಯಲ್ಲಿ ಕೊಟ್ಟ ಚೀಟಿಯಿಂದ ಹಿಡಿದು ವಾಷಿಂಗ್ಟನ್ನಿನ ಮಾತುಕತೆಯವರೆಗೆ ಮುಂದೆ ನಡೆದದ್ದೆಲ್ಲ ಈ ಎರಡರ ನಡುವಿನ ಎಳೆದಾಟವೇ.

ಜನ ಯಾಕೆ ಬಂದರು?

1970ರ ಡಿಸೆಂಬರಿನಲ್ಲಿ ಪಾಕಿಸ್ತಾನದಲ್ಲಿ ಚುನಾವಣೆ ನಡೆಯಿತು. ಪೂರ್ವ ಪಾಕಿಸ್ತಾನದ 162 ಸಾಮಾನ್ಯ ಸ್ಥಾನಗಳಲ್ಲಿ 160ನ್ನು ಶೇಖ್ ಮುಜೀಬುರ್ ರಹಮಾನರ ಅವಾಮಿ ಲೀಗ್ ಗೆದ್ದಿತು. ಇಡೀ ದೇಶದಲ್ಲೂ ಅದಕ್ಕೇ ಬಹುಮತ. ಆದರೆ ಸೇನಾಡಳಿತಗಾರ ಯಾಹ್ಯಾ ಖಾನ್ ಅಧಿಕಾರ ಬಿಟ್ಟುಕೊಡಲಿಲ್ಲ. 1971ರ ಮಾರ್ಚ್ 25ರ ರಾತ್ರಿ ಢಾಕಾದ ಮೇಲೆ ಸೇನೆ ಮುಗಿಬಿತ್ತು. ವಿಶ್ವವಿದ್ಯಾಲಯ, ಪೊಲೀಸ್ ವಸತಿ, ಹಳೆ ಢಾಕಾದ ಹಿಂದೂ ಓಣಿಗಳು ಮೊದಲ ಗುರಿಯಾದವು. ಆಮೇಲೆ ಹಳ್ಳಿಗಳ ಸರದಿ.

ಮೊದಲು ಬಂದವರಲ್ಲಿ ಅವಾಮಿ ಲೀಗಿನವರು, ದಂಗೆಯೆದ್ದ ಬಂಗಾಳಿ ಸೈನಿಕರು, ಮುಸ್ಲಿಂ ಕುಟುಂಬಗಳು ಸಾಕಷ್ಟಿದ್ದರು. ಏಪ್ರಿಲ್ ನಡುವಿನಿಂದ ಹಿಂದೂಗಳ ಸಂಖ್ಯೆ ಏರಿತು, ಕೊನೆಗೆ ಬಂದವರಲ್ಲಿ ಬಹುಪಾಲು ಅವರೇ. ಸರ್ಕಾರಕ್ಕೆ ಇದು ಚೆನ್ನಾಗಿ ಗೊತ್ತಿತ್ತು, ಆದರೂ ಬಹಿರಂಗವಾಗಿ ಇದಕ್ಕೆ ಒತ್ತು ಕೊಡಲಿಲ್ಲ. ಒತ್ತು ಕೊಟ್ಟಿದ್ದರೆ ಭಾರತದ ಊರುಗಳಲ್ಲಿ ಕೋಮುಗಲಭೆ ಹೊತ್ತಿಕೊಳ್ಳುವ ಭಯವಿತ್ತು. ಇದು ಹಿಂದೂ-ಮುಸ್ಲಿಂ ಜಗಳ ಅಂತ ಪಾಕಿಸ್ತಾನ ಜಗತ್ತಿನ ಮುಂದೆ ಹೇಳಿಕೊಳ್ಳುವ ಸಾಧ್ಯತೆಯೂ ಇತ್ತು. ಆ ಮೌನವನ್ನು ಇವತ್ತು ಬಗೆಬಗೆಯಾಗಿ ಅರ್ಥ ಮಾಡುತ್ತಾರೆ. ಅವತ್ತು ಅದರಿಂದ ಜೀವಗಳು ಉಳಿದವು ಅಂತಲೇ ನಾನು ನಂಬುತ್ತೇನೆ.

ಮೇ ತಿಂಗಳಲ್ಲಿ ಕೆಲವು ದಿನ ಒಂದೇ ದಿನಕ್ಕೆ ಒಂದು ಲಕ್ಷ ಜನ ಗಡಿ ದಾಟಿದರು. ಡಿಸೆಂಬರ್ ಹೊತ್ತಿಗೆ ಸರ್ಕಾರದ ಲೆಕ್ಕ 99 ಲಕ್ಷ ಮುಟ್ಟಿತ್ತು. ಅವರಲ್ಲಿ ಸುಮಾರು 68 ಲಕ್ಷ ಜನ 825 ಶಿಬಿರಗಳಲ್ಲಿದ್ದರು. ಉಳಿದವರು ನೆಂಟರ ಮನೆ, ಪರಿಚಯದವರ ಮನೆ, ಯಾರದೋ ಹಿತ್ತಿಲು ಅಂತ ಹೇಗೋ ಸೇರಿಕೊಂಡಿದ್ದರು.

ಭಾರ ಹೊತ್ತವರು ಯಾರು?

ಒಂದು ಕೋಟಿ ಜನ ಭಾರತಕ್ಕೆ ಬಂದರು ಅಂದರೆ ಭಾರ ಇಡೀ ದೇಶಕ್ಕೆ ಹಂಚಿಹೋಯಿತು ಅನ್ನಿಸುತ್ತದೆ, ಅಲ್ವಾ? ಹಾಗಾಗಲಿಲ್ಲ. ಸುಮಾರು 75 ಲಕ್ಷ ಜನ ಪಶ್ಚಿಮ ಬಂಗಾಳವೊಂದರಲ್ಲೇ ಇದ್ದರು. ಮೇಘಾಲಯದಲ್ಲಿ ಆರೂವರೆ ಲಕ್ಷಕ್ಕೂ ಜಾಸ್ತಿ, ಅಸ್ಸಾಮಿನಲ್ಲಿ ಮೂರು ಲಕ್ಷಕ್ಕೂ ಜಾಸ್ತಿ.

ತ್ರಿಪುರಾದ ಲೆಕ್ಕ ನೋಡಿದರೆ ಎದೆ ಝಲ್ ಅನ್ನುತ್ತದೆ. 1971ರ ಜನಗಣತಿಯಲ್ಲಿ ಅಲ್ಲಿನ ಒಟ್ಟು ಜನಸಂಖ್ಯೆ ಹದಿನೈದೂವರೆ ಲಕ್ಷ. ಬಂದ ನಿರಾಶ್ರಿತರು 14 ಲಕ್ಷ. ಹೆಚ್ಚೂಕಮ್ಮಿ ಊರಿನ ಪ್ರತಿಯೊಬ್ಬರಿಗೂ ಒಬ್ಬ ನಿರಾಶ್ರಿತ! ಅದಾಗ ರಾಜ್ಯ ಕೂಡ ಅಲ್ಲ, ಸಣ್ಣ ಕೇಂದ್ರಾಡಳಿತ ಪ್ರದೇಶ. ಮೂರು ಕಡೆ ಪೂರ್ವ ಪಾಕಿಸ್ತಾನವೇ ಸುತ್ತುವರಿದಿತ್ತು. ರೈಲು ಉತ್ತರದ ಧರ್ಮನಗರದವರೆಗೆ ಮಾತ್ರ. ಅಲ್ಲಿಂದ ಅಗರ್ತಲಕ್ಕೆ ಅಕ್ಕಿ, ಉಪ್ಪು, ಟಾರ್ಪಾಲು ಎಲ್ಲವೂ ಗುಡ್ಡದ ರಸ್ತೆಯಲ್ಲಿ ಲಾರಿ ಮೇಲೆ ಬರಬೇಕು. ಮಳೆ ಹಿಡಿದರೆ ರಸ್ತೆ ಕುಸಿಯುತ್ತಿತ್ತು. ಕೊನೆಗೆ ಅಮೆರಿಕದ ಸಿ-130 ವಿಮಾನಗಳು ಬಂದು ಅಗರ್ತಲದಿಂದ ಸಾವಿರಾರು ನಿರಾಶ್ರಿತರನ್ನು ಗುವಾಹಟಿಗೆ ಸಾಗಿಸಿದವು. ಅಮೆರಿಕದ ಸರ್ಕಾರ ಅದೇ ವೇಳೆಯಲ್ಲಿ ಪಾಕಿಸ್ತಾನದ ಬೆನ್ನಿಗೆ ನಿಂತಿತ್ತು ಅನ್ನುವುದನ್ನೂ ನೆನಪಿಡಬೇಕು.

ಪಶ್ಚಿಮ ಬಂಗಾಳದ ಕಷ್ಟ ಬೇರೆ ಥರದ್ದು. ದೇಶವಿಭಜನೆಯಿಂದ ಹಿಡಿದು ಪೂರ್ವ ಬಂಗಾಳದಿಂದ ಹತ್ತಾರು ಲಕ್ಷ ಜನ ಅಲ್ಲಿಗೆ ಬರುತ್ತಲೇ ಇದ್ದರು. ತಾತ್ಕಾಲಿಕ ಅಂತ ಬಂದವರು ಯಾರೂ ವಾಪಸ್ ಹೋಗಿರಲಿಲ್ಲ. ಸಿಯಾಲ್ದಾ ರೈಲು ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ವರ್ಷಗಟ್ಟಲೆ ಸಂಸಾರ ಮಾಡಿದವರಿದ್ದರು. ದೂರದ ಮಧ್ಯ ಭಾರತದ ದಂಡಕಾರಣ್ಯಕ್ಕೆ ಕಳಿಸಿದ ಕುಟುಂಬಗಳು ಅಲ್ಲಿ ಹೊಂದಿಕೊಳ್ಳಲಾಗದೆ ನರಳುತ್ತಿದ್ದವು. ಜೊತೆಗೆ ನಕ್ಸಲ್ ಚಳವಳಿ, ಹೆಚ್ಚು ದಿನ ಉಳಿಯದ ರಾಜ್ಯ ಸರ್ಕಾರಗಳು. 1971ರ ಜೂನ್ ಕೊನೆಗೆ ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು. ಇನ್ನೂ 75 ಲಕ್ಷ ಜನ ಇಲ್ಲೇ ಉಳಿದುಬಿಟ್ಟರೆ ಅನ್ನುವ ಯೋಚನೆಗೆ ದೆಹಲಿ ಬೆಚ್ಚಿಬಿದ್ದದ್ದು ಸಹಜ.

ವಾಪಸ್ ಹೋಗಲೇಬೇಕು ಅನ್ನುವ ಷರತ್ತು ಹುಟ್ಟಿದ್ದು ಈ ಹಳೆ ಅನುಭವದಿಂದ.

ಚೀಟಿ, ಗುಡಾರ, ರೇಷನ್

ಗಡಿ ದಾಟಿದ ಕುಟುಂಬಕ್ಕೆ ಮೊದಲು ಸಿಗುತ್ತಿದ್ದದ್ದು ಒಂದು ನೋಂದಣಿ ಚೀಟಿ. ಹೆಸರು, ಊರು, ಎಷ್ಟು ಜನ ಅನ್ನುವುದು ಅದರಲ್ಲಿ. ಆ ಚೀಟಿ ಇದ್ದರೆ ರೇಷನ್, ಇಲ್ಲದಿದ್ದರೆ ಇಲ್ಲ. ಕಾನೂನಿನ ಕಣ್ಣಲ್ಲಿ ಅವರು ವಿದೇಶಿಯರು, ತಾತ್ಕಾಲಿಕವಾಗಿ ಇರಲು ಅನುಮತಿ ಪಡೆದವರು. ಭಾರತ 1951ರ ಅಂತಾರಾಷ್ಟ್ರೀಯ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ, ಇವತ್ತಿಗೂ ಹಾಕಿಲ್ಲ. ಹಾಗಾಗಿ ಅವರಿಗೆ ಸಿಕ್ಕಿದ್ದು ಹಕ್ಕಲ್ಲ, ಸರ್ಕಾರದ ಒಪ್ಪಿಗೆ. ಓದುವಾಗ ಸಣ್ಣ ವಿಷಯ ಅನ್ನಿಸಬಹುದು. ಗುಡಾರದಲ್ಲಿ ಕೂತವರಿಗೆ ಸಣ್ಣದಾಗಿರಲಿಲ್ಲ.

ಕೆಲಸದ ಹೊಣೆ ಕೇಂದ್ರದ ಕಾರ್ಮಿಕ ಮತ್ತು ಪುನರ್ವಸತಿ ಸಚಿವಾಲಯದ್ದು. ಆಗ ಸಚಿವರು ಆರ್. ಕೆ. ಖಾಡಿಲ್ಕರ್. ದೆಹಲಿಯಲ್ಲಿ ಕೂತು ಇದನ್ನು ನಡೆಸಲಾಗದು ಅಂತ ಕಲ್ಕತ್ತಾದಲ್ಲೇ ಒಂದು ಶಾಖೆ ತೆರೆದರು. ಅದರ ಮುಖ್ಯಸ್ಥರು ಕರ್ನಲ್ ಪಿ. ಎನ್. ಲೂಥ್ರಾ. ಶಿಬಿರಗಳನ್ನು ಹೆಚ್ಚಾಗಿ ನಡೆಸಿದ್ದು ರಾಜ್ಯಗಳ ಅಧಿಕಾರಿಗಳು, ಖರ್ಚು ಪೂರ್ತಿ ಕೇಂದ್ರದ್ದು. ವಿಭಜನೆಯ ಕಾಲದಿಂದ ಬಂದ ಪುನರ್ವಸತಿ ಇಲಾಖೆ ಇದ್ದದ್ದರಿಂದ ಶಿಬಿರ ಹಾಕುವುದು, ರೇಷನ್ ಹಂಚುವುದು ಗೊತ್ತಿದ್ದ ಜನ ಕೈಗೆ ಸಿಕ್ಕರು. ಹೊಸದಾಗಿ ಕಲಿಯಲು ಹೊರಟಿದ್ದರೆ ಏನಾಗುತ್ತಿತ್ತೋ.

ಅಕ್ಕಿ-ಗೋಧಿಯ ವಿಷಯದಲ್ಲಿ ಕಾಲ ಕೈಹಿಡಿಯಿತು. ಐದಾರು ವರ್ಷ ಮುಂಚೆ ಇದೇ ದೇಶ ಅಮೆರಿಕದ ಗೋಧಿ ಹಡಗಿಗೆ ಕಾದು ಕೂರುತ್ತಿತ್ತು. 1970-71ರಲ್ಲಿ ಹಸಿರು ಕ್ರಾಂತಿಯ ಫಲವಾಗಿ ಆಹಾರಧಾನ್ಯದ ಉತ್ಪಾದನೆ 10.8 ಕೋಟಿ ಟನ್ ತಲುಪಿತ್ತು. ಗೋದಾಮಿನಲ್ಲಿ ಧಾನ್ಯವಿತ್ತು. 1966ರಲ್ಲೇನಾದರೂ ಈ ಜನ ಬಂದಿದ್ದರೆ ಗಡಿ ತೆರೆದಿಡುವ ಧೈರ್ಯ ಯಾವ ಸರ್ಕಾರಕ್ಕೂ ಬರುತ್ತಿರಲಿಲ್ಲವೇನೋ.

ಸೂರಿನ ಪಾಡು ಅಷ್ಟು ಸುಲಭದ್ದಾಗಿರಲಿಲ್ಲ. ಶಾಲೆಗಳು ಮೊದಲು ತುಂಬಿದವು, ಊರಿನ ಮಕ್ಕಳ ಪಾಠ ನಿಂತುಹೋಯಿತು. ಟಾರ್ಪಾಲು ಸಾಲದೆ ಪಾಲಿಥೀನ್ ಹಾಳೆ ಕಟ್ಟಿದರು. ಕಲ್ಕತ್ತಾದ ಸಾಲ್ಟ್ ಲೇಕ್ ಆಗಿನ್ನೂ ಬಯಲು. ಚರಂಡಿ ಕೆಲಸಕ್ಕೆ ಅಂತ ತಂದಿಟ್ಟ ದೊಡ್ಡ ಸಿಮೆಂಟ್ ಕೊಳವೆಗಳ ಒಳಗೆ ಕುಟುಂಬಗಳು ಸಂಸಾರ ಹೂಡಿದವು. ಕೊಳವೆಯ ಒಂದು ಬಾಯಿಗೆ ಗೋಣಿಚೀಲ, ಇನ್ನೊಂದು ಬಾಯಲ್ಲಿ ಒಲೆ.

ಶಿಬಿರಗಳನ್ನು ಗಡಿಯಿಂದ ದೂರ, ದೇಶದ ಒಳಗೆ ಚದುರಿಸಬೇಕಿತ್ತಲ್ಲ ಅಂತ ಯಾರಾದರೂ ಕೇಳಬಹುದು. ಸ್ವಲ್ಪ ಮಟ್ಟಿಗೆ ಮಾಡಿದರು. ರಾಯಪುರದ ಬಳಿಯ ಮಾನಾ ಶಿಬಿರಕ್ಕೆ ರೈಲಿನಲ್ಲಿ ಜನರನ್ನು ಕಳಿಸಿದರು. ಆದರೆ ಬಹುಪಾಲು ಜನ ಗಡಿ ರಾಜ್ಯಗಳಲ್ಲೇ ಉಳಿದರು. ದೂರ ಹೋದವರು ವಾಪಸ್ ಬರುವುದು ಕಷ್ಟ ಅನ್ನುವುದು ಅನುಭವ. ನಿರಾಶ್ರಿತರೂ ತಮ್ಮ ಊರಿನ ದಿಕ್ಕು ಬಿಟ್ಟು ಹೋಗಲು ಒಪ್ಪುತ್ತಿರಲಿಲ್ಲ. ಅವರು ಕೂಲಿಗೆ ಹೋಗುವಂತಿಲ್ಲ ಅನ್ನುವುದು ನಿಯಮ. ರೇಷನ್ನಿನಲ್ಲೇ ಎಲ್ಲ ನಡೆಯುವುದಿಲ್ಲವಲ್ಲ, ಹೋಗುತ್ತಿದ್ದರು. ಅದರಿಂದ ಸ್ಥಳೀಯ ಕೂಲಿ ದರ ಇಳಿಯಿತು, ಸಂತೆಯಲ್ಲಿ ತರಕಾರಿ ಬೆಲೆ ಏರಿತು, ಊರಿನ ಬಡವರ ಹೊಟ್ಟೆಗೆ ಹೊಡೆತ ಬಿತ್ತು. ಈ ಲೆಕ್ಕ ಯಾವ ಬಜೆಟ್ಟಿನಲ್ಲೂ ಬರಲಿಲ್ಲ.

ಬನಗಾಂವಿನ ಎರಡು ಕೋಣೆ

ಜೂನ್‌ನಲ್ಲಿ ಮಳೆ ಶುರುವಾಯಿತು, ಕಾಲರಾ ಬಂತು. ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಕಾಲರಾದಲ್ಲಿ ಸಾವು ಬರುವುದು ಮೈಯ ನೀರು, ಉಪ್ಪು ಎಲ್ಲ ಹೊರಟುಹೋಗಿ. ಆಗಿದ್ದ ಚಿಕಿತ್ಸೆ ರಕ್ತನಾಳಕ್ಕೆ ಸಲೈನ್ ಏರಿಸುವುದು. ಅದಕ್ಕೆ ಬಾಟಲಿ ಬೇಕು, ಸೂಜಿ ಬೇಕು, ಗೊತ್ತಿರುವ ದಾದಿಯರು ಬೇಕು. ಗಡಿಯ ಬನಗಾಂವ್ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳಿಗೆ ಇದ್ದದ್ದು ಎರಡು ಕೋಣೆ, ಹದಿನಾರು ಹಾಸಿಗೆ. ರೋಗಿಗಳು ನೂರಾರು. ನೆಲದ ಮೇಲೆ, ವಾಂತಿ-ಭೇದಿಯ ನಡುವೆ ಸಾಲಾಗಿ ಮಲಗಿದ್ದರು. ಸಲೈನ್ ಕೊಡಬೇಕೆಂದರೆ ಆ ಗಲೀಜಿನಲ್ಲೇ ಮಂಡಿಯೂರಬೇಕು. ಕಲ್ಕತ್ತಾದಿಂದ ಬಂದ ಮಕ್ಕಳ ವೈದ್ಯ ದಿಲೀಪ್ ಮಹಾಲನಬೀಸ್ ಮತ್ತು ಅವರ ತಂಡದ ಬಳಿ ಸಲೈನ್ ಕೆಲವೇ ದಿನಗಳಲ್ಲಿ ಖಾಲಿಯಾಗುತ್ತಾ ಬಂತು.

ಆಗ ಅವರು ಪ್ರಯೋಗಾಲಯದಲ್ಲಿ ಗೊತ್ತಿದ್ದರೂ ಬಯಲಿನಲ್ಲಿ ಯಾರೂ ಇಷ್ಟು ದೊಡ್ಡದಾಗಿ ಮಾಡಿರದ ಕೆಲಸಕ್ಕೆ ಇಳಿದರು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಕಲ್ಕತ್ತಾದ ಸಂಶೋಧನಾ ಕೇಂದ್ರದ ಲೈಬ್ರರಿ ಕೋಣೆಯಲ್ಲಿ ಕೂತು ತೂಕ ಮಾಡಿ, ಪಾಲಿಥೀನ್ ಚೀಲಕ್ಕೆ ತುಂಬಿ, ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಬಾಯಿ ಅಂಟಿಸಿದರು. ಬನಗಾಂವಿನಲ್ಲಿ ಅದನ್ನು ನಲ್ಲಿ ಇರುವ ಡ್ರಮ್ಮುಗಳಲ್ಲಿ ಕರಗಿಸಿಟ್ಟರು. ರೋಗಿಯ ಅಮ್ಮನೋ ಅಣ್ಣನೋ ಲೋಟ ಹಿಡಿದು ಬಂದು ತುಂಬಿಸಿಕೊಂಡು ಹೋಗಿ ಕುಡಿಸುತ್ತಿದ್ದರು. ಸೂಜಿ ಬೇಡ, ದಾದಿ ಬೇಡ. ಆ ಗಲಾಟೆಯಲ್ಲಿ ಮೊದಲು ನೂರಕ್ಕೆ ಮೂವತ್ತರಷ್ಟಿದ್ದ ಸಾವಿನ ಪ್ರಮಾಣ, ಅವರು ನೋಡಿಕೊಂಡ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಇವತ್ತು ಔಷಧಿ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣ ಜಗತ್ತಿನ ನಂಬಿಕೆ ಗಳಿಸಿದ್ದಕ್ಕೆ ಆ ಎರಡು ಕೋಣೆಗಳ ಪಾಲು ದೊಡ್ಡದು. ಮಹಾಲನಬೀಸರಿಗೆ ಸರ್ಕಾರ ಪದ್ಮವಿಭೂಷಣ ಕೊಟ್ಟಿದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ. ಬದುಕಿದ್ದಾಗಲೇ ಕೊಡಬೇಕಿತ್ತು.

ಮಕ್ಕಳ ಹಸಿವನ್ನು ಮಾತ್ರ ಸರ್ಕಾರ ತಡವಾಗಿ ಗಮನಿಸಿತು. ಕುಟುಂಬಕ್ಕೆ ಅಕ್ಕಿ-ಬೇಳೆ ಕೊಟ್ಟರೆ ಸಾಕು ಅಂದುಕೊಂಡಿದ್ದರು. ಎರಡು ವರ್ಷದ, ಭೇದಿಯಿಂದ ಸೊರಗಿದ ಮಗುವಿಗೆ ಅದು ಸಾಲುವುದಿಲ್ಲ. ಹಾಲಿನ ಪುಡಿ, ಮಕ್ಕಳ ವಿಶೇಷ ಆಹಾರ ಹಂಚುವ ಕೆಲಸ ದೊಡ್ಡ ಪ್ರಮಾಣದಲ್ಲಿ ಶುರುವಾಗುವ ಹೊತ್ತಿಗೆ ಮಳೆಗಾಲ ಮುಗಿಯುತ್ತಾ ಬಂದಿತ್ತು. ಆ ತಿಂಗಳುಗಳಲ್ಲಿ ಶಿಬಿರಗಳಲ್ಲಿ ಸತ್ತವರಲ್ಲಿ ಪುಟ್ಟ ಮಕ್ಕಳು ಬಹಳ. ಸರ್ಕಾರದ ಸಾಧನೆಯ ಜೊತೆಗೆ ಇದನ್ನೂ ಬರೆಯದಿದ್ದರೆ ತಪ್ಪಾಗುತ್ತದೆ.

ದುಡ್ಡು ಎಲ್ಲಿಂದ ಬಂತು?

ಮೇ ತಿಂಗಳ ಬಜೆಟ್ಟಿನಲ್ಲಿ ಹಣಕಾಸು ಸಚಿವ ವೈ. ಬಿ. ಚವಾಣ್ ನಿರಾಶ್ರಿತರಿಗೆ ಅಂತ 60 ಕೋಟಿ ರೂಪಾಯಿ ತೆಗೆದಿಟ್ಟರು. ಅದು ಆರು ತಿಂಗಳೊಳಗೆ ವಾಪಸ್ ಹೋಗುವ ಜನರ ಲೆಕ್ಕ. ವಿಶ್ವಸಂಸ್ಥೆಯ ಮುಂದಿಟ್ಟ ಮೊದಲ ಅಂದಾಜೂ ಹಾಗೇ: 30 ಲಕ್ಷ ಜನ, ಆರು ತಿಂಗಳು. ಜನ ಮೂರುಪಟ್ಟಾದರು. 1972ರ ಮಾರ್ಚಿನವರೆಗಿನ ಖರ್ಚನ್ನು ವಿಶ್ವಬ್ಯಾಂಕ್ 70 ಕೋಟಿ ಡಾಲರ್ ಅಂತ ಅಂದಾಜು ಮಾಡಿತು. ಆಗಿನ ದರದಲ್ಲಿ ಐನೂರು ಕೋಟಿ ರೂಪಾಯಿಗೂ ಜಾಸ್ತಿ. ಹೊರದೇಶಗಳು ಕೊಡುತ್ತೇವೆಂದು ಒಪ್ಪಿದ್ದು ಅದರ ಅರ್ಧಕ್ಕಿಂತ ಕಡಿಮೆ.

ಉಳಿದದ್ದನ್ನು ಜನರೇ ತೆತ್ತರು. ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಗಳ ಮೂಲಕ ರೈಲು ಟಿಕೆಟ್, ವಿಮಾನ ಟಿಕೆಟ್, ಪತ್ರಿಕೆಗಳ ಮೇಲೆ ಹೆಚ್ಚುವರಿ ತೆರಿಗೆ ಬಂತು. ನವೆಂಬರ್ 15ರಿಂದ ಅಂಚೆಯಲ್ಲಿ ಹೋಗುವ ಕಾಗದಗಳಿಗೆ ಮಾಮೂಲಿ ಅಂಚೆಚೀಟಿಯ ಜೊತೆ 5 ಪೈಸೆಯ ಇನ್ನೊಂದು ಚೀಟಿ ಅಂಟಿಸಬೇಕಾಯಿತು. ಹೊಸ ಚೀಟಿ ಅಚ್ಚಾಗುವ ತನಕ ಕಾಯಲಾಗದೆ, ಕುಟುಂಬ ಯೋಜನೆಯ 5 ಪೈಸೆ ಚೀಟಿಯ ಮೇಲೇ ನಿರಾಶ್ರಿತರ ಪರಿಹಾರ ಅಂತ ಮುದ್ರೆ ಒತ್ತಿದರು. ಡಿಸೆಂಬರ್ 1ರಂದು ಓಡಿಬರುತ್ತಿರುವ ಕುಟುಂಬದ ಚಿತ್ರವಿರುವ ಚೀಟಿ ಬಂತು. ದೇಶದ ಯಾವುದೋ ಮೂಲೆಯಿಂದ ಮಗನಿಗೆ ಕಾಗದ ಬರೆಯುತ್ತಿದ್ದ ತಾಯಿಯೂ ಗಡಿಯ ಶಿಬಿರಕ್ಕೆ 5 ಪೈಸೆ ಕೊಟ್ಟಳು. ಬಹುತೇಕ ಜನ ವಾಪಸ್ ಹೋಗಿ ಒಂದು ವರ್ಷವಾದ ಮೇಲೆ, 1973ರ ಮಾರ್ಚ್ 31ಕ್ಕೆ ಈ ತೆರಿಗೆ ನಿಂತಿತು.

ನೆರವು ಬೇಕು, ವೀಕ್ಷಕರು ಬೇಡ

ಏಪ್ರಿಲ್ ಕೊನೆಯಲ್ಲಿ ಭಾರತ ವಿಶ್ವಸಂಸ್ಥೆಯ ನೆರವು ಕೇಳಿತು. ಮಹಾ ಕಾರ್ಯದರ್ಶಿ ಊ ಥಾಂಟ್ ಆ ಕೆಲಸವನ್ನು ನಿರಾಶ್ರಿತರ ಹೈ ಕಮಿಷನರ್ ಸದ್ರುದ್ದೀನ್ ಆಗಾ ಖಾನ್ ಅವರಿಗೆ ವಹಿಸಿದರು. ಹಣ, ಔಷಧಿ, ವಾಹನ ಬಂದವು. ಆದರೆ ಹಂಚುವ ಕೆಲಸ ತನ್ನ ಕೈಯಲ್ಲೇ ಇರಬೇಕು ಅಂತ ಭಾರತ ಪಟ್ಟು ಹಿಡಿಯಿತು. ಜುಲೈಯಲ್ಲಿ ಊ ಥಾಂಟ್ ಗಡಿಯ ಎರಡೂ ಕಡೆ ವಿಶ್ವಸಂಸ್ಥೆಯ ಪ್ರತಿನಿಧಿಗಳನ್ನು ಇಡೋಣ ಅಂದಾಗ ಭಾರತ ಒಪ್ಪಲಿಲ್ಲ.

ಕಾರಣ ಎರಡು. ಜನ ಓಡಿಬರುತ್ತಿರುವುದು ಆ ಕಡೆಯ ಹಿಂಸೆಯಿಂದ, ಈ ಕಡೆ ಕಾವಲು ಕೂರಿಸಿ ಏನು ಪ್ರಯೋಜನ ಅನ್ನುವುದು ಬಾಯಿಬಿಟ್ಟು ಹೇಳಿದ್ದು. ಇನ್ನೊಂದನ್ನು ಹೇಳಲಿಲ್ಲ. ಅದೇ ಗಡಿಯಲ್ಲಿ ಭಾರತ, ಪಾಕಿಸ್ತಾನದ ಸೇನೆಯ ವಿರುದ್ಧ ಹೋರಾಡುತ್ತಿದ್ದ ಬಂಗಾಳಿಗಳ ಪಡೆಯಾದ ಮುಕ್ತಿ ಬಾಹಿನಿಗೆ ತರಬೇತಿ, ಆಯುಧ ಕೊಡುತ್ತಿತ್ತು. ಶಿಬಿರದ ಯುವಕರು ಅದಕ್ಕೆ ಸೇರುತ್ತಿದ್ದರು. ವಿದೇಶಿ ವೀಕ್ಷಕರು ಬಂದರೆ ಅದು ಬಯಲಾಗುತ್ತಿತ್ತು. ಪರಿಹಾರ ಮತ್ತು ಯುದ್ಧ ತಯಾರಿ ಒಂದೇ ನೆಲದ ಮೇಲೆ ನಡೆಯುತ್ತಿದ್ದವು ಅನ್ನುವುದನ್ನು ಮುಚ್ಚಿಡುವ ಅಗತ್ಯ ಇಲ್ಲ.

ಮೇ 24ರಂದು ಇಂದಿರಾ ಗಾಂಧಿ ಲೋಕಸಭೆಯಲ್ಲಿ ಹೇಳಿದ ಮಾತಿನಲ್ಲಿ ಇಡೀ ವಾದ ಇದೆ: ಪಾಕಿಸ್ತಾನ ತನ್ನ ಒಳಗಿನ ವಿಷಯ ಅನ್ನುತ್ತಿರುವುದು ಈಗ ಭಾರತದ ಒಳಗಿನ ವಿಷಯವೂ ಆಗಿದೆ. ಅಂತಾರಾಷ್ಟ್ರೀಯ ಕಾನೂನಿನಲ್ಲಿ ಒಂದು ದೇಶ ಇನ್ನೊಂದರ ಒಳವಿಷಯಕ್ಕೆ ಕೈಹಾಕುವಂತಿಲ್ಲ. ಆದರೆ ಆ ಒಳವಿಷಯ ಕೋಟಿ ಜನರ ರೂಪದಲ್ಲಿ ಗಡಿ ದಾಟಿ ಬಂದರೆ? ಜಯಪ್ರಕಾಶ ನಾರಾಯಣ್ ದೇಶದೇಶ ಸುತ್ತಿ ಇದನ್ನೇ ಕೇಳಿದರು. ಅಕ್ಟೋಬರ್-ನವೆಂಬರಿನಲ್ಲಿ ಪ್ರಧಾನಿಯೇ ಯುರೋಪು, ಅಮೆರಿಕ ಸುತ್ತಿದರು. ಅನುಕಂಪ ಸಿಕ್ಕಿತು, ದುಡ್ಡೂ ಸ್ವಲ್ಪ ಸಿಕ್ಕಿತು. ಆದರೆ ಜನ ವಾಪಸ್ ಹೋಗುವಂಥ ರಾಜಕೀಯ ಪರಿಹಾರಕ್ಕೆ ಪಾಕಿಸ್ತಾನವನ್ನು ಒಪ್ಪಿಸುವ ಒತ್ತಡ ಯಾರೂ ಹಾಕಲಿಲ್ಲ. ಅಧ್ಯಕ್ಷ ನಿಕ್ಸನ್‌ಗೆ ಚೀನಾದ ಬಾಗಿಲು ತೆರೆಯಲು ಯಾಹ್ಯಾ ಖಾನ್ ಬೇಕಾಗಿದ್ದರು. ಢಾಕಾದಲ್ಲಿದ್ದ ಅಮೆರಿಕದ ರಾಜತಾಂತ್ರಿಕ ಆರ್ಚರ್ ಬ್ಲಡ್ ಮತ್ತು ಸಹೋದ್ಯೋಗಿಗಳು ಏಪ್ರಿಲ್ 6ರಂದೇ ತಮ್ಮ ಸರ್ಕಾರದ ಮೌನವನ್ನು ಖಂಡಿಸಿ ತಂತಿ ಕಳಿಸಿದ್ದರು. ಬ್ಲಡ್ ಅವರನ್ನು ಢಾಕಾದಿಂದ ವಾಪಸ್ ಕರೆಸಿಕೊಂಡರು. ಆಗಸ್ಟ್ 9ರಂದು ಭಾರತ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದ ಮಾಡಿಕೊಂಡಿತು.

ಡಿಸೆಂಬರ್ 3ಕ್ಕೆ ಯುದ್ಧ ಶುರು. ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಮಹಾಸಭೆ ಕದನವಿರಾಮ, ಸೇನಾ ವಾಪಸಾತಿಗೆ ಕರೆ ಕೊಟ್ಟಿತು: ಪರ 104 ಮತ, ವಿರುದ್ಧ 11. ನಿರಾಶ್ರಿತರಿಗೆ ಕಂಬಳಿ ಕಳಿಸಿದ ದೇಶಗಳಲ್ಲಿ ಬಹಳಷ್ಟು ಅವತ್ತು ಭಾರತದ ಜೊತೆ ನಿಲ್ಲಲಿಲ್ಲ.

ವಾಪಸ್ ಹೋದ ದಾರಿ

ಡಿಸೆಂಬರ್ 16ರ ಶರಣಾಗತಿಯ ನಂತರ ನಡೆದದ್ದು ಇತಿಹಾಸದಲ್ಲಿ ಅಪರೂಪ. ಬಹಳ ಜನ ಯಾರ ಅಪ್ಪಣೆಗೂ ಕಾಯದೆ ಗಂಟುಮೂಟೆ ಕಟ್ಟಿ ನಡೆದೇಬಿಟ್ಟರು. 1972ರ ಜನವರಿ 1ರಿಂದ ಸರ್ಕಾರದ ವ್ಯವಸ್ಥೆ ಶುರುವಾಯಿತು. ಲಾರಿ, ರೈಲು, ಕಾಲ್ನಡಿಗೆ. ದಾರಿಗೆ ಊಟ, ಜೊತೆಗೆ ಎರಡು ವಾರದ ರೇಷನ್. ಬಾಂಗ್ಲಾದೇಶದ ಒಳಗೆ 271 ತಂಗುಶಿಬಿರಗಳು. ಜನವರಿಯಲ್ಲಿ ದಿನಕ್ಕೆ ಸರಾಸರಿ ಎರಡು ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿದರು. ಮಾರ್ಚ್ 25ರ ಹೊತ್ತಿಗೆ, ಅಂದರೆ ಹಿಂಸೆ ಶುರುವಾಗಿ ಸರಿಯಾಗಿ ವರ್ಷಕ್ಕೆ, ಸರ್ಕಾರದ ಲೆಕ್ಕದಲ್ಲಿ ಉಳಿದವರು ಸುಮಾರು 60 ಸಾವಿರ. ಮನೆ ಸುಟ್ಟುಹೋಗಿತ್ತು, ಎತ್ತು-ನೇಗಿಲು ಇರಲಿಲ್ಲ, ಆದರೂ ಹೋದರು.

ಆದರೆ ಇದು ಪುಸ್ತಕದ ಲೆಕ್ಕ. ನೋಂದಣಿಗೆ ಸಿಗದವರು, ಹೋಗಿ ಮತ್ತೆ ಬಂದವರು ಎಷ್ಟು ಅನ್ನುವ ಜಗಳ ಅಸ್ಸಾಮಿನಲ್ಲಿ ದೊಡ್ಡ ಚಳವಳಿಯಾಗಿ ಬೆಳೆಯಿತು. 1985ರ ಅಸ್ಸಾಂ ಒಪ್ಪಂದ ಗೆರೆ ಎಳೆದದ್ದು ಅದೇ ತಾರೀಖಿಗೆ. 1971ರ ಮಾರ್ಚ್ 25ಕ್ಕೆ ಮುಂಚೆ ಬಂದವರಿಗೆ ಪೌರತ್ವದ ದಾರಿ ಇದೆ, ಆಮೇಲೆ ಬಂದವರಿಗೆ ಇಲ್ಲ. ಪೌರತ್ವ ಕಾಯ್ದೆಯ 6ಎ ಕಲಂ ಹುಟ್ಟಿದ್ದು ಹೀಗೆ. 2024ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು 4-1 ಬಹುಮತದಿಂದ ಎತ್ತಿಹಿಡಿಯಿತು.

ನಿರಾಶ್ರಿತರಿಗೆ ಅಂತಲೇ ಒಂದು ಕಾನೂನು ಭಾರತದಲ್ಲಿ ಇನ್ನೂ ಇಲ್ಲ. ಟಿಬೆಟಿನವರಿಗೆ ಒಂದು ವ್ಯವಸ್ಥೆ, ಶ್ರೀಲಂಕಾ ತಮಿಳರಿಗೆ ಇನ್ನೊಂದು, ರೋಹಿಂಗ್ಯಾಗಳಿಗೆ ಮತ್ತೊಂದು. 2021ರ ನಂತರ ಮ್ಯಾನ್ಮಾರಿನ ಸೇನೆಗೆ ಹೆದರಿ ಸಾವಿರಾರು ಚಿನ್ ಜನ ಮಿಜೋರಾಂಗೆ ಓಡಿಬಂದಾಗ ಕೇಂದ್ರ ಅವರನ್ನು ತಡೆಯಿರಿ ಅಂದಿತು. ರಾಜ್ಯ ಸರ್ಕಾರ ಮತ್ತು ಅಲ್ಲಿನ ಜನ, ಅವರು ನಮ್ಮ ರಕ್ತಸಂಬಂಧಿಗಳು ಅಂತ ಬಾಗಿಲು ತೆರೆದರು. ಬಂದವರಿಗೆ ಸಿಕ್ಕಿದ್ದು ಈ ಸಲವೂ ಹಕ್ಕಲ್ಲ, ಒಪ್ಪಿಗೆಯೇ. ಆ ಒಪ್ಪಿಗೆ ಕೊಡಬೇಕಾದವರು ಯಾರು, ಎಷ್ಟು ದಿನಕ್ಕೆ ಅನ್ನುವುದನ್ನು ಬರೆದಿಡುವ ಕೆಲಸ ಸಂಸತ್ತಿನಲ್ಲಿ ಇನ್ನೂ ಆಗಬೇಕಿದೆ.